ವಿಜಯಪುರದ ಕಥೆ ಬರೆದ ಸುರಪುರದ ಟೇಲರ್ ಸಾಹೇಬ

1824ನೇ ಇಸವಿ. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿದ್ದ ಒಂದು ಹಳೆಯ ಕಟ್ಟಡದಲ್ಲಿ 12 ವರ್ಷದ ಹುಡುಗನೊಬ್ಬ ಬೂಟಿಗೆ ಹಚ್ಚುವ ಕರಿಬಣ್ಣದ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ. ಅವನ ತಂದೆ ಸಾಲ ತೀರಿಸಲಾಗದೆ ಜೈಲು ಸೇರಿದ್ದ. ಅದೇ ವರ್ಷ ಲಿವರ್‌ಪೂಲ್ ವ್ಯಾಪಾರಿಯೊಬ್ಬನ 15 ವರ್ಷದ ಮಗ ಹಡಗು ಹತ್ತಿ ಮುಂಬಯಿಗೆ ಹೊರಟ. ಅವನ ತಂದೆಯ ವ್ಯಾಪಾರವೂ ಮುಳುಗಿತ್ತು. ಮಗನ ಓದು ಮುಂದುವರಿಸುವ ಶಕ್ತಿ ಆ ಮನೆಗೂ ಉಳಿದಿರಲಿಲ್ಲ.

ಮೊದಲನೆಯವನು ಚಾರ್ಲ್ಸ್ ಡಿಕನ್ಸ್. ಅವನ ಹೆಸರು ಕೇಳದ ವಿದ್ಯಾರ್ಥಿಯಿಲ್ಲ. ಎರಡನೆಯವನು ಫಿಲಿಪ್ ಮೆಡೋಸ್ ಟೇಲರ್. ಇಂಗ್ಲಿಷ್ ಸಾಹಿತ್ಯದ ಪಠ್ಯಪುಸ್ತಕಗಳಲ್ಲಿ ಅವನಿಗೆ ಸಿಗುವ ಜಾಗ ಅಷ್ಟಕ್ಕಷ್ಟೆ. ಆದರೆ ಸುರಪುರದ ಹಿರಿಯರನ್ನು ಕೇಳಿ ನೋಡಿ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಕಡೆಗೆ ಬೆರಳು ತೋರಿಸುತ್ತಾರೆ. ಲಂಡನ್ನಿನ ಬೀದಿಗಳು ಡಿಕನ್ಸ್‌ನ ಕಾದಂಬರಿಗಳಿಗೆ ನೆಲೆಯಾದಂತೆ ಕೃಷ್ಣಾ ತೀರ, ಬೇಡರ ನಾಡು, ತುಳಜಾಪುರ ಮತ್ತು ವಿಜಯಪುರ ಟೇಲರ್‌ನ ಕಾದಂಬರಿಗಳಿಗೆ ನೆಲೆಯಾದವು. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರನೊಬ್ಬ ನಮ್ಮ ನೆಲದಲ್ಲೇ ಬಾಳಿ, ನಮ್ಮ ಇತಿಹಾಸವನ್ನೇ ಬರೆದ ಅಪರೂಪದ ಪ್ರಸಂಗವಿದು.

ಗುಮಾಸ್ತನಾಗಲು ಬಂದ ಹುಡುಗ

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು. ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿ ದುಡಿದು, ಮುಂದೆ ಪಾಲುದಾರನಾಗಬಹುದೆಂಬ ಆಸೆಯಿಂದ ಮನೆಯವರು ಅವನನ್ನು ಕಳಿಸಿದ್ದರು. ಬಂದು ನೋಡಿದರೆ ಆ ಅಂಗಡಿಯ ಸ್ಥಿತಿಯೇ ಚೆನ್ನಾಗಿರಲಿಲ್ಲ. ಮುಂಬಯಿ ಸರ್ಕಾರದಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದ ಸಂಬಂಧಿಕರೊಬ್ಬರ ಮಾತಿನಿಂದ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅವನಿಗೆ ಅಧಿಕಾರಿಯ ಹುದ್ದೆ ದೊರೆಯಿತು. ಆಗ ಅವನಿಗೆ 16 ವರ್ಷ.

ಈ ಹುದ್ದೆಯ ಬೆಲೆ ಏನೆಂದು ತಿಳಿಯಬೇಕಾದರೆ ಆ ಕಾಲದ ಪದ್ಧತಿಯನ್ನು ಅರಿಯಬೇಕು. ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಹುದ್ದೆಗಳಿಗೆ ಕಂಪನಿಯ ನಿರ್ದೇಶಕರ ಶಿಫಾರಸು ಬೇಕಿತ್ತು. ಶಿಫಾರಸು ಪಡೆದವರು ಹೇಲಿಬರಿ ಕಾಲೇಜಿನಲ್ಲಿ ಓದಿ ಬರುತ್ತಿದ್ದರು. ಸ್ಪರ್ಧಾತ್ಮಕ ಪರೀಕ್ಷೆ ಬಂದದ್ದು 1855ರಲ್ಲಿ. ಕಂಪನಿಯ ಇಂಥ ಅಧಿಕಾರಿಗಳ ಕಣ್ಣಿಗೆ ನಿಜಾಮನ ಸೇವೆಯಲ್ಲಿದ್ದವರು ಎರಡನೇ ಪಂಕ್ತಿಯವರು. ಟೇಲರ್ ಬದುಕಿನ ಕೊನೆಯವರೆಗೂ ಈ ತಾರತಮ್ಯ ಅನುಭವಿಸಿದ.

ಕಾಲೇಜು ಕಾಣದ ಈ ಹುಡುಗನ ಬಳಿ ಇದ್ದ ಬಂಡವಾಳ ಒಂದೇ, ಕಲಿಯುವ ಹಟ. ಹಿಂದುಸ್ತಾನಿ, ಪಾರಸಿ, ಮರಾಠಿ ಕಲಿತ. ಜನರೊಂದಿಗೆ ದುಭಾಷಿಯಿಲ್ಲದೆ ಮಾತನಾಡಬಲ್ಲ ಅಧಿಕಾರಿಗಳು ಆಗ ವಿರಳ. ಹೀಗಾಗಿ ಮೀಸೆ ಮೂಡುವ ವಯಸ್ಸಿನಲ್ಲೇ ನಿಜಾಮ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸ್ ಅಧಿಕಾರಿಯ ಜವಾಬ್ದಾರಿ ಅವನ ಹೆಗಲೇರಿತು. ಮುಂದೆ ಕಾನೂನು, ಭೂಮಾಪನ, ಭೂಗರ್ಭಶಾಸ್ತ್ರ, ಕೆರೆ ರಸ್ತೆಗಳ ನಿರ್ಮಾಣ, ಚಿತ್ರಕಲೆ ಎಲ್ಲವನ್ನೂ ತಾನೇ ಓದಿ, ಮಾಡಿ ಕಲಿತ.

1832ರಲ್ಲಿ ಹೈದರಾಬಾದಿನ ಪ್ರಸಿದ್ಧ ಲೇವಾದೇವಿಗಾರ ವಿಲಿಯಂ ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದ. ಪಾಮರ್‌ನ ತಂದೆ ಇಂಗ್ಲಿಷ್ ಸೇನಾಧಿಕಾರಿ, ತಾಯಿ ಫೈಜ್ ಬಕ್ಷ್ ಎಂಬ ಮುಸ್ಲಿಂ ಮಹಿಳೆ. ಆಳುವವರು ಮತ್ತು ಆಳಿಸಿಕೊಳ್ಳುವವರ ನಡುವಿನ ಗೋಡೆ ವರ್ಷವರ್ಷಕ್ಕೆ ಎತ್ತರವಾಗುತ್ತಿದ್ದ ಕಾಲದಲ್ಲಿ ಟೇಲರ್‌ನ ಸಂಸಾರ ಆ ಗೋಡೆಯ ಎರಡೂ ಕಡೆ ಬೇರು ಬಿಟ್ಟಿತ್ತು.

ಥಗ್ಗರ ಕಥೆ, ರಾಣಿಯ ಕುತೂಹಲ

ಪ್ರಯಾಣಿಕರ ಸ್ನೇಹ ಗಳಿಸಿ, ಕರವಸ್ತ್ರದಿಂದ ಕುತ್ತಿಗೆ ಬಿಗಿದು ಕೊಂದು ದೋಚುತ್ತಿದ್ದರೆನ್ನಲಾದ ಥಗ್ಗರನ್ನು ಹಿಡಿಯುವ ಕೆಲಸ ವಿಲಿಯಂ ಸ್ಲೀಮನ್ ನೇತೃತ್ವದಲ್ಲಿ 1830ರ ಆಸುಪಾಸಿನಲ್ಲಿ ಜೋರಾಗಿ ನಡೆಯಿತು. ಸೆರೆಸಿಕ್ಕು ಮಾಫಿ ಸಾಕ್ಷಿಗಳಾದವರ ಹೇಳಿಕೆಗಳನ್ನು ದಾಖಲಿಸಿಕೊಂಡವರಲ್ಲಿ ಟೇಲರ್ ಕೂಡ ಒಬ್ಬ. ಆ ಹೇಳಿಕೆಗಳೇ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿಗೆ ಮೂಲದ್ರವ್ಯ. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ, 1839ರಲ್ಲಿ, ಅದು ಅಚ್ಚಾಯಿತು.

ಕಾದಂಬರಿಯ ಕಥೆ ಹೇಳುವವನು ಅಮೀರ್ ಅಲಿ ಎಂಬ ಥಗ್. ಬಿಳಿಯ ಅಧಿಕಾರಿ ಸುಮ್ಮನೆ ಕುಳಿತು ಕೇಳುವವನು ಮಾತ್ರ. ಭಾರತೀಯನೊಬ್ಬ ನೂರಾರು ಪುಟ ತನ್ನ ಕಥೆಯನ್ನು ತಾನೇ ಹೇಳುವುದು ಇಂಗ್ಲಿಷ್ ಓದುಗರಿಗೆ ಹೊಸದಾಗಿತ್ತು. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಆಗಷ್ಟೇ ಪಟ್ಟಕ್ಕೇರಿದ್ದ ವಿಕ್ಟೋರಿಯಾ ರಾಣಿ, ಅಚ್ಚಿನ ಕರಡು ಹಾಳೆಗಳು ಸಿದ್ಧವಾದಂತೆಲ್ಲ ತರಿಸಿಕೊಂಡು ಓದಿದಳೆಂಬ ಮಾತಿದೆ. ನಮ್ಮ 'ಠಕ್ಕ' ಪದದ ನಂಟಿನ 'ಥಗ್' ಇಂಗ್ಲಿಷರ ದಿನಬಳಕೆಯ ಮಾತಾಗಲು ಈ ಕಾದಂಬರಿಯ ಪಾಲು ದೊಡ್ಡದು.

ಆದರೆ ಇದನ್ನು ಇತಿಹಾಸವೆಂದೇ ಓದುವ ಹಾಗಿಲ್ಲ. ಥಗ್ಗರೆಂಬ ದೇಶವ್ಯಾಪಿ ರಹಸ್ಯ ಪಂಥ ನಿಜಕ್ಕೂ ಇತ್ತೆ ಅಥವಾ ಅಲ್ಲಲ್ಲಿ ನಡೆಯುತ್ತಿದ್ದ ದರೋಡೆಗಳಿಗೆ ಕಂಪನಿ ಸರ್ಕಾರ ಒಂದೇ ಹಣೆಪಟ್ಟಿ ಹಚ್ಚಿತೆ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ಜೀವ ಉಳಿಸಿಕೊಳ್ಳಲು ಮಾಫಿ ಸಾಕ್ಷಿಯಾದವನು ಅಧಿಕಾರಿಗೆ ಬೇಕಾದುದನ್ನೇ ಹೇಳಿರಬಹುದಲ್ಲವೆ?

ಮೂರು ಸಂಪುಟಗಳ ಕಾಲ

ಟೇಲರ್‌ನ ಮೊದಲ ಕಾದಂಬರಿ ಬಂದದ್ದು ಮೂರು ಸಂಪುಟಗಳಲ್ಲಿ. ಅಂದಿನ ಇಂಗ್ಲೆಂಡಿನಲ್ಲಿ ಕಾದಂಬರಿ ಎಂದರೆ ಸಾಮಾನ್ಯವಾಗಿ ಮೂರು ಸಂಪುಟ. ಬೆಲೆ 31 ಶಿಲಿಂಗ್ 6 ಪೆನ್ಸ್. ಹೊಲದ ಕೂಲಿಯವನಿಗೆ ಅದು ಸುಮಾರು ಮೂರು ವಾರದ ದುಡಿಮೆ. ಮಧ್ಯಮ ವರ್ಗದವರೂ ಕೊಳ್ಳಲು ಹಿಂಜರಿಯುತ್ತಿದ್ದರು. ಅವರ ಕೈಗೆ ಪುಸ್ತಕ ತಲುಪಿಸಿದ್ದು ಬಾಡಿಗೆ ವಾಚನಾಲಯಗಳು. 1842ರಲ್ಲಿ ಚಾರ್ಲ್ಸ್ ಮ್ಯೂಡಿ ಲಂಡನ್ನಿನಲ್ಲಿ ಆರಂಭಿಸಿದ ವಾಚನಾಲಯದಲ್ಲಿ ವರ್ಷಕ್ಕೆ ಒಂದು ಗಿನಿ ಕೊಟ್ಟರೆ ಒಂದು ಸಲಕ್ಕೆ ಒಂದು ಸಂಪುಟ ಒಯ್ಯಬಹುದಿತ್ತು. ಮೂರು ಸಂಪುಟದ ಕಾದಂಬರಿಯನ್ನು ಏಕಕಾಲಕ್ಕೆ ಮೂರು ಮನೆಗಳಿಗೆ ಕೊಡಬಹುದು. ವಾಚನಾಲಯಕ್ಕೂ ಲಾಭ, ಪ್ರಕಾಶಕನಿಗೂ ಲಾಭ. ಆ ಕಾಲದ ಕಾದಂಬರಿಗಳು ಅಷ್ಟು ಉದ್ದ ಬೆಳೆಯಲು ಇದೂ ಒಂದು ಕಾರಣ. ಡಿಕನ್ಸ್ ಬೇರೆ ದಾರಿ ಹಿಡಿದ. 1836ರಲ್ಲಿ ಆರಂಭವಾದ 'ಪಿಕ್‌ವಿಕ್ ಪೇಪರ್ಸ್' ತಿಂಗಳಿಗೊಂದು ಕಂತಿನಂತೆ, ಕಂತಿಗೆ ಒಂದು ಶಿಲಿಂಗಿನಂತೆ ಜನಸಾಮಾನ್ಯರ ಕೈಸೇರಿತು.

ಹೆಣ್ಣುಮಕ್ಕಳು ಬರೆದುದನ್ನು ಗಂಭೀರವಾಗಿ ನೋಡದ ಸಮಾಜ ಅದು. ಷಾರ್ಲಟ್ ಬ್ರಾಂಟೆ 1847ರಲ್ಲಿ 'ಜೇನ್ ಐರ್' ಪ್ರಕಟಿಸಿದ್ದು ಕರರ್ ಬೆಲ್ ಎಂಬ ಹೆಸರಿನಲ್ಲಿ. ಮೇರಿ ಆನ್ ಇವಾನ್ಸ್ ಎಂಬಾಕೆ ಜಾರ್ಜ್ ಎಲಿಯಟ್ ಎಂಬ ಗಂಡು ಹೆಸರಿನಿಂದಲೇ ಲೋಕಪ್ರಸಿದ್ಧಳಾದಳು. ಅಲ್ಲಿ ಎಲ್ಲ ಮಕ್ಕಳಿಗೂ ಪ್ರಾಥಮಿಕ ಶಾಲೆ ಒದಗಿಸುವ ಕಾನೂನು ಬಂದದ್ದು 1870ರಲ್ಲಿ. ಡಿಕನ್ಸ್ ತೀರಿಕೊಂಡ ವರ್ಷವೂ ಅದೇ.

ಈ ಸಾಹಿತ್ಯದಲ್ಲಿ ಭಾರತ ಎಲ್ಲಿತ್ತು? ಬಹುಮಟ್ಟಿಗೆ ತೆರೆಯ ಹಿಂದೆ. ವಾಲ್ಟರ್ ಸ್ಕಾಟ್ 1827ರ ಒಂದು ಕಥೆಯನ್ನು ಮೈಸೂರು ಸೀಮೆಗೆ ತಂದು ಮುಗಿಸಿದ. ಆದರೆ ಅವನು ಇತ್ತ ಬಂದವನೇ ಅಲ್ಲ. ಥ್ಯಾಕರೆ ಕಲ್ಕತ್ತದಲ್ಲಿ ಹುಟ್ಟಿದರೂ ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋದವನು. ವಿಲ್ಕಿ ಕಾಲಿನ್ಸ್‌ನ 'ದಿ ಮೂನ್‌ಸ್ಟೋನ್' 1799ರ ಶ್ರೀರಂಗಪಟ್ಟಣದ ಲೂಟಿಯಿಂದ ಆರಂಭವಾಗಿ ಬೇಗನೆ ಇಂಗ್ಲೆಂಡಿಗೆ ಹೊರಟುಹೋಗುತ್ತದೆ. ಟೇಲರ್ ಮಾತ್ರ ತನ್ನ ಕಥೆಗಳನ್ನು ಇಲ್ಲಿಯೇ ನಿಲ್ಲಿಸಿದ. ಅವನ ನಾಯಕ ನಾಯಕಿಯರು ಬಹಳಷ್ಟು ಮಂದಿ ಈ ನೆಲದವರೇ. 1840ರಲ್ಲಿ ಟಿಪ್ಪು ಸುಲ್ತಾನನ ಕಾಲದ ಮೈಸೂರು ಯುದ್ಧಗಳ ಮೇಲೂ ಒಂದು ಕಾದಂಬರಿ ಹೊರತಂದ.

ಸುರಪುರದ 'ಅಪ್ಪಾ'

1841ರಲ್ಲಿ ಟೇಲರ್ ಸುರಪುರಕ್ಕೆ ಬಂದ. ಇಂದು ಯಾದಗಿರಿ ಜಿಲ್ಲೆಯಲ್ಲಿರುವ ಈ ಊರು ಆಗ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ಸ್ವತಃ ಔರಂಗಜೇಬನೇ ದಂಡೆತ್ತಿ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು ಎಂದರೆ ಈ ನಾಯಕರ ಕಸುವು ಎಂಥದೆಂದು ಊಹಿಸಬಹುದು. ಆದರೆ ಟೇಲರ್ ಬಂದಾಗ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಪಟ್ಟಕ್ಕೆ ಬಂದ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ಅವನ ಹೆಸರಿನಲ್ಲಿ ಅಧಿಕಾರ ನಡೆಸುವವರು ಯಾರೆಂಬುದರ ಮೇಲೆ ತಾಯಿ ರಾಣಿ ಈಶ್ವರಮ್ಮ ಮತ್ತು ಚಿಕ್ಕಪ್ಪ ಪಿಡ್ಡನಾಯಕರ ನಡುವೆ ತಿಕ್ಕಾಟವಿತ್ತು.

ಕಂಪನಿಯ ಪ್ರತಿನಿಧಿಯಾಗಿ ಟೇಲರ್ 1853ರವರೆಗೆ ಇಲ್ಲಿ ಆಡಳಿತ ನೋಡಿಕೊಂಡ. ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿದ, ಸಾಲ ತೀರಿಸಿದ, ರಸ್ತೆ ಮತ್ತು ಕೆರೆಗಳ ಕೆಲಸ ಮಾಡಿಸಿದ. ಗುಡ್ಡದ ಮೇಲೆ ತನಗಾಗಿ ಕಟ್ಟಿಸಿಕೊಂಡ ಮನೆಯೇ ಟೇಲರ್ ಮಂಜಿಲ್. ಹೆಂಡತಿ ತೀರಿಕೊಂಡಿದ್ದರಿಂದ ಮನೆ ಬರಿದಾಗಿತ್ತು. ಬಾಲಕ ರಾಜ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಅವನ ಓದು, ನಡೆನುಡಿಗಳ ಮೇಲೆ ಟೇಲರ್ ಕಣ್ಣಿಟ್ಟಿದ್ದ.

ಬಿಡುವಿನಲ್ಲೂ ಈ ಮನುಷ್ಯ ಸುಮ್ಮನೆ ಕೂಡುತ್ತಿರಲಿಲ್ಲ. ರಾಜನ ಕೋಳೂರು, ಜೇವರ್ಗಿ ಸುತ್ತಮುತ್ತಲಿನ ದೊಡ್ಡ ಚಪ್ಪಡಿಗಳ ಗೋರಿಗಳನ್ನು ಅಳೆದು, ಕೆಲವನ್ನು ಅಗೆಸಿ, ನಕ್ಷೆ ಬರೆದು ಲೇಖನ ಪ್ರಕಟಿಸಿದ. ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಅಧ್ಯಯನ ಮಾಡುವವರು ಇಂದಿಗೂ ಟೇಲರ್ ಹೆಸರು ಬಿಟ್ಟು ಮುಂದೆ ಹೋಗುವುದಿಲ್ಲ. 1840ರಿಂದ 1853ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದವನೂ ಇವನೇ.

1858ರ ದುರಂತ

1853ರಲ್ಲಿ ರಾಜ ವಯಸ್ಸಿಗೆ ಬಂದ. ಅಧಿಕಾರ ಅವನಿಗೆ ಒಪ್ಪಿಸಿ ಟೇಲರ್ ನಳದುರ್ಗ ಜಿಲ್ಲೆಯ ಆಡಳಿತಕ್ಕೆ ಹೋದ. 1857ರಲ್ಲಿ ಉತ್ತರದಲ್ಲಿ ಬಂಡಾಯದ ಕಿಡಿ ಹೊತ್ತಿತು. ಅದೇ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಹೋರಾಡಿ ಮಡಿದರು. ಸುರಪುರದಲ್ಲೂ ಸಿದ್ಧತೆ ನಡೆದಿತ್ತು. 1858ರ ಫೆಬ್ರವರಿ 8ರಂದು ಕಂಪನಿಯ ಪಡೆ ಮತ್ತು ಸುರಪುರದವರ ನಡುವೆ ಕಾಳಗವಾಗಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೈನ್ಯ ಬಂದಾಗ ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸೆರೆಯಾದ.

ಸೆರೆಯಲ್ಲಿದ್ದ ರಾಜನನ್ನು ಟೇಲರ್ ಭೇಟಿಯಾದ. ಆಗಲೂ ಅವನ ಬಾಯಲ್ಲಿ ಬಂದದ್ದು 'ಅಪ್ಪಾ' ಎಂಬ ಮಾತೇ. ವಿಚಾರಣೆಯಲ್ಲಿ ವಿಧಿಸಿದ ಮರಣದಂಡನೆ ಇಳಿದು ಇಳಿದು ಕೊನೆಗೆ ಮದರಾಸಿನ ಹತ್ತಿರದ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆವಾಸವಾಯಿತು. ಆದರೆ ರಾಜ ಅಲ್ಲಿಗೆ ತಲುಪಲಿಲ್ಲ. ದಾರಿಯ ಬಿಡಾರದಲ್ಲಿ ಗುಂಡೇಟಿನಿಂದ ಸತ್ತ. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡನೆಂದು ಬ್ರಿಟಿಷರ ದಾಖಲೆ ಹೇಳುತ್ತದೆ. ಅವನಿಗೆ ಆಗ 24ರ ಪ್ರಾಯ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು.

ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಸಾವನ್ನು ದುಃಖದಿಂದ ಬರೆದಿದ್ದಾನೆ. ರಾಜ 24ನೇ ವರ್ಷ ದಾಟುವುದಿಲ್ಲವೆಂದು ಜಾತಕದಲ್ಲಿ ಬರೆದಿತ್ತೆಂದೂ, ಆ ಗುಟ್ಟು ತನಗೆ ಮೊದಲೇ ತಿಳಿದಿತ್ತೆಂದೂ ಹೇಳುತ್ತಾನೆ. ಇಲ್ಲಿ ಓದುಗ ಸ್ವಲ್ಪ ನಿಲ್ಲಬೇಕು. ಜಾತಕದ ಮೇಲೆ ಭಾರ ಹಾಕಿದರೆ ಕಂಪನಿಯ ಮೇಲಿನ ಭಾರ ಹಗುರವಾಗುತ್ತದೆ. ಮಗನಂತೆ ಬೆಳೆಸಿದ ಹುಡುಗ ಕಂಪನಿಯ ವಿರುದ್ಧ ಏಕೆ ನಿಂತ ಎಂಬ ಪ್ರಶ್ನೆಗೆ ಕೆಟ್ಟವರ ಸಹವಾಸ, ದುರ್ಬೋಧೆ ಎಂಬುದಷ್ಟೇ ಟೇಲರ್‌ನ ಉತ್ತರ. ತನ್ನ ಪೂರ್ವಜರ ನಾಡನ್ನು ತಾನೇ ಆಳಬೇಕೆಂಬ ಆಸೆ ತರುಣ ರಾಜನಿಗೆ ಸಹಜವಾಗಿ ಇರಬಹುದೆಂಬುದು, ಅಷ್ಟು ಭಾರತೀಯ ಪಾತ್ರಗಳ ಒಳಹೊಕ್ಕು ಬರೆದ ಕಾದಂಬರಿಕಾರನಿಗೆ ಹೊಳೆಯಲಿಲ್ಲ, ಹೊಳೆದಿದ್ದರೂ ಬರೆಯಲಿಲ್ಲ. ಸುರಪುರದ ಜನ ಮಾತ್ರ ಇಬ್ಬರನ್ನೂ ನೆನಪಿನಲ್ಲಿಟ್ಟುಕೊಂಡಿದ್ದಾರೆ. ಕೆರೆ, ರಸ್ತೆಗಳ ಮಾತು ಬಂದಾಗ ಟೇಲರ್. ಸ್ವಾತಂತ್ರ್ಯದ ಮಾತು ಬಂದಾಗ ನಾಲ್ಕನೇ ವೆಂಕಟಪ್ಪ ನಾಯಕ.

'ತಾರಾ' ಕಂಡ ವಿಜಯಪುರ, ಕಾಣದ ಕಾಖಂಡಕಿ

ಆರೋಗ್ಯ ಕೆಟ್ಟು 1860ರಲ್ಲಿ ಟೇಲರ್ ಭಾರತ ಬಿಟ್ಟ. ಐರ್ಲೆಂಡಿನ ಡಬ್ಲಿನ್ ಸಮೀಪ ನೆಲೆಸಿ ಮತ್ತೆ ಲೇಖನಿ ಹಿಡಿದ. ನೂರು ವರ್ಷಗಳ ಅಂತರದ ಮೂರು ಕಾಲಗಳ ಮೇಲೆ ಮೂರು ಕಾದಂಬರಿ ಬರೆಯುವ ಯೋಜನೆ ಅವನದು. 1657ರ ಸುಮಾರಿನ ಮರಾಠರ ಏಳಿಗೆಗೆ 'ತಾರಾ', 1757ರ ಪ್ಲಾಸಿ ಕಾಳಗದ ಕಾಲಕ್ಕೆ 'ರಾಲ್ಫ್ ಡಾರ್ನೆಲ್', 1857ರ ಬಂಡಾಯಕ್ಕೆ 'ಸೀತಾ'. ಇವು ಕ್ರಮವಾಗಿ 1863, 1865 ಮತ್ತು 1872ರಲ್ಲಿ ಹೊರಬಂದವು.

ಮೂರರಲ್ಲಿ 'ತಾರಾ' ನಮಗೆ ಹತ್ತಿರದ್ದು. ವಿಜಯಪುರ ಸೀಮೆಯ ಎಷ್ಟೋ ಮನೆತನಗಳಿಗೆ ತುಳಜಾಪುರದ ಅಂಬಾಭವಾನಿ ಮನೆದೇವರು. ಆ ತುಳಜಾಪುರ ಟೇಲರ್ ಆಳಿದ ನಳದುರ್ಗ ಜಿಲ್ಲೆಯಲ್ಲೇ ಇತ್ತು. ಕಾದಂಬರಿಯ ನಾಯಕಿ ತಾರಾ ಅಲ್ಲಿನ ಶಾಸ್ತ್ರಿಗಳ ಮಗಳು, ಎಳೆಯ ವಯಸ್ಸಿನಲ್ಲೇ ವಿಧವೆ. ಆದಿಲ್‌ಶಾಹಿ ಸೇನಾಪತಿ ಅಫ್ಜಲ್ ಖಾನನ ಮನೆತನ, ಶಿವಾಜಿಯ ಮೇಲೆ ಅವನ ದಂಡಯಾತ್ರೆ, 1659ರಲ್ಲಿ ಪ್ರತಾಪಗಡದ ಬಳಿ ಅವನ ಸಾವು, ಇವು ಕಥೆಯ ಹಂದರ. ವಿಜಯಪುರದ ಬೀದಿ, ದರ್ಬಾರು, ಮಹಲುಗಳು ಪುಟಪುಟದಲ್ಲೂ ಬರುತ್ತವೆ.

ಹದಿನೇಳನೇ ಶತಮಾನದ ಈ ಕಥೆಯ ಒಳಗಿರುವ ಪ್ರಶ್ನೆ ಮಾತ್ರ ಟೇಲರ್‌ನ ಕಾಲದ್ದು. ಸತಿ ಪದ್ಧತಿಗೆ ನಿಷೇಧ ಬಂದದ್ದು 1829ರಲ್ಲಿ, ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1856ರಲ್ಲಿ. ಏಳು ವರ್ಷಗಳ ನಂತರ ಬಂದ 'ತಾರಾ'ದಲ್ಲಿ ಎಳೆಯ ವಿಧವೆಗೆ ಇನ್ನೊಂದು ಬಾಳು ಉಂಟೆ ಎಂಬುದೇ ಕಥೆಯ ತಿರುಳು. ಅಚ್ಚರಿಯೆಂದರೆ 1899ರಲ್ಲಿ ಗುಲ್ವಾಡಿ ವೆಂಕಟರಾಯರು ಬರೆದ, ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಹೆಸರಾದ 'ಇಂದಿರಾಬಾಯಿ'ಯ ಪ್ರಶ್ನೆಯೂ ಇದೇ. ಅಲ್ಲಿ ವಿಧವೆಗೆ ದಾರಿ ತೋರುವುದು ವಿದ್ಯೆ ಮತ್ತು ಮರುಮದುವೆ. ಒಬ್ಬ ಹೊರಗಿನಿಂದ ನೋಡಿದ, ಇನ್ನೊಬ್ಬರು ಮನೆಯೊಳಗಿನಿಂದ ನೋಡಿದರು.

ಟೇಲರ್ ಕಾಣದ ಒಂದು ವಿಜಯಪುರವೂ ಇತ್ತು. 'ತಾರಾ'ದ ಕಥೆ ನಡೆಯುವ ಕಾಲದಲ್ಲೇ ಬದುಕಿದ್ದವರು ಕಾಖಂಡಕಿಯ ಮಹೀಪತಿದಾಸರು. ಆದಿಲ್‌ಶಾಹಿ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಅವರು ಸಿರಿ ಸಂಪತ್ತು ಬಿಟ್ಟು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು, ಕಾಖಂಡಕಿಯಲ್ಲಿ ನೆಲೆಸಿದರೆಂದು ಪರಂಪರೆ ಹೇಳುತ್ತದೆ. ಕನ್ನಡದೊಂದಿಗೆ ಮರಾಠಿ ಮತ್ತು ದಖನಿ ಹಿಂದಿಯಲ್ಲೂ ಅವರ ರಚನೆಗಳಿವೆ. ಮಗ ಕೃಷ್ಣದಾಸರೂ ಹಾಡು ಕಟ್ಟಿದವರು. ದರ್ಬಾರಿನ ಭಾಷೆ ಬಲ್ಲ ಲೆಕ್ಕಪತ್ರದ ಅಧಿಕಾರಿ ಹರಿದಾಸನಾಗುವ ಈ ಕಥೆಯಲ್ಲಿ ಒಂದು ಮೂರು ಸಂಪುಟಕ್ಕೆ ಸಾಲುವಷ್ಟು ಸತ್ವವಿದೆ. ಆದರೆ ಟೇಲರ್‌ನ ಕಣ್ಣು ಕತ್ತಿ, ಕೋಟೆ, ಒಳಸಂಚುಗಳ ಮೇಲೆ ನೆಟ್ಟಿತ್ತು. ಲಂಡನ್ನಿನ ಓದುಗರು ಬಯಸಿದ್ದೂ ಅದನ್ನೇ.

ಕೊನೆಯ ಕಾದಂಬರಿ

1866ರಲ್ಲಿ ವಿಜಯಪುರದ ಕಟ್ಟಡಗಳ ಛಾಯಾಚಿತ್ರಗಳ ದೊಡ್ಡ ಗ್ರಂಥವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್‌ದು, ಇತಿಹಾಸದ ಬರಹ ಟೇಲರ್‌ದು. ಅದೇ ವರ್ಷ ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಮೇಲೂ ಇಂಥದೇ ಗ್ರಂಥ ಬಂತು. 1870ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಭಾರತದ ಇತಿಹಾಸ ಬರೆದ. ಶಾಲೆ ಅರ್ಧಕ್ಕೆ ಬಿಟ್ಟವನು ಪಠ್ಯಪುಸ್ತಕ ಬರೆದ!

ಅವನ ಕೊನೆಯ ಕಾದಂಬರಿ 'ಎ ನೋಬಲ್ ಕ್ವೀನ್'. ಅದರ ರಾಣಿ ಚಾಂದ್‌ಬೀಬಿ. ಅಹಮದನಗರದಲ್ಲಿ ಹುಟ್ಟಿ ವಿಜಯಪುರಕ್ಕೆ ಸೊಸೆಯಾಗಿ ಬಂದು, 1580ರಲ್ಲಿ ಗಂಡ ಅಲಿ ಆದಿಲ್‌ಶಾಹ ಸತ್ತ ಮೇಲೆ ಬಾಲಕ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡವಳು. ಮುಂದೆ ತವರಿನ ಕೋಟೆಯನ್ನು ಮೊಗಲರಿಂದ ಕಾಯ್ದವಳು. ವಿಜಯಪುರದ ಚಾಂದ್ ಬಾವಡಿ ನೋಡಿದವರಿಗೆ ಈಕೆಯ ಹೆಸರು ಹೊಸದಲ್ಲ. ಕೃಷ್ಣಾ ನದಿ, ಬೇಡರ ನಾಡು, ಜಲದುರ್ಗದ ಕೋಟೆ, ತಾನು ಸುರಪುರದಲ್ಲಿದ್ದಾಗ ಅಡ್ಡಾಡಿದ ಜಾಗಗಳನ್ನೆಲ್ಲ ಟೇಲರ್ ಈ ಕಥೆಗೆ ತಂದ. ಎಳೆಯ ರಾಜ, ಅವನ ಪರವಾಗಿ ಆಳುವ ಹಿರಿಯರು, ಸುತ್ತ ಒಳಜಗಳ. ಬರೆಯುವಾಗ ಸುರಪುರದ ಆ ಹುಡುಗ ಅವನ ಕಣ್ಣಮುಂದೆ ಬಂದಿರಲಾರನೆ?

1875ರಲ್ಲಿ ಸಾಲಾರ್ ಜಂಗ್ ಆಹ್ವಾನದ ಮೇಲೆ ಟೇಲರ್ ಮತ್ತೊಮ್ಮೆ ಹೈದರಾಬಾದಿಗೆ ಬಂದ. ಆಗ ಅವನ ದೃಷ್ಟಿ ಹೋಯಿತು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡ. ಮಗಳು ಆಲಿಸ್ ಅವನ ಆತ್ಮಕಥೆಯನ್ನು 1877ರಲ್ಲಿ ಪ್ರಕಟಿಸಿದಳು. ಚಾಂದ್‌ಬೀಬಿಯ ಕಾದಂಬರಿ ಹೊರಬಂದದ್ದು ಅದರ ಮರುವರ್ಷ.

ಇಂದು ಓದುವುದು ಹೇಗೆ?

ಟೇಲರ್‌ನ ಪುಸ್ತಕಗಳ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ದುಡ್ಡಿಲ್ಲದೆಯೂ ಓದಲು ಸಿಗುತ್ತವೆ. ಇಂಗ್ಲಿಷ್ ಹಳೆಯದು, ಹೆಸರುಗಳ ಕಾಗುಣಿತ ವಿಚಿತ್ರ. ಸುರಪುರ 'ಶೋರಾಪುರ'ವಾಗಿದೆ, ಬೇಡರು 'ಬೇಡರ್'ಗಳಾಗಿದ್ದಾರೆ. ಕಾಲೇಜು ವಿದ್ಯಾರ್ಥಿಗಳು ಆತ್ಮಕಥೆಯಿಂದ ಆರಂಭಿಸುವುದು ಒಳ್ಳೆಯದು. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ನಮ್ಮವರು ಬರೆದ ಸುರಪುರದ ಇತಿಹಾಸ. ಎರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಗುರುತು ಹಾಕುತ್ತ ಹೋದರೆ ಇತಿಹಾಸ ಓದುವ ಕಲೆ ತಾನಾಗಿ ಕೈವಶವಾಗುತ್ತದೆ.

ಪಾಲಕರಿಗೂ ಇಲ್ಲಿ ಒಂದು ಮಾತಿದೆ. 1824ರಲ್ಲಿ ಎರಡು ಮನೆಗಳ ಸೋಲು ಇಬ್ಬರು ಹುಡುಗರನ್ನು ಶಾಲೆಯಿಂದ ಹೊರಹಾಕಿತು. ಇಬ್ಬರೂ ಲೇಖಕರಾದರು ನಿಜ. ಹಾಗೆಂದು ಬಡತನ ಲೇಖಕರನ್ನು ಬೆಳೆಸುತ್ತದೆ ಎನ್ನುವುದು ತಪ್ಪು. ಅದೇ ಕಾರ್ಖಾನೆಯಲ್ಲಿ ಡಿಕನ್ಸ್ ಪಕ್ಕದಲ್ಲಿ ಕುಳಿತು ದುಡಿದ ಹುಡುಗರು ಏನೂ ಬರೆಯಲಿಲ್ಲ. ಟೇಲರ್‌ನನ್ನು ಎತ್ತಿ ಹಿಡಿದದ್ದು ಒಬ್ಬ ಸಂಬಂಧಿಕನ ಶಿಫಾರಸು, ಆ ಬಳಿಕ ಅವನೇ ಕಲಿತ ಭಾಷೆಗಳು. ಶಿಫಾರಸು ಎಲ್ಲರಿಗೂ ಸಿಗುವಂಥದಲ್ಲ. ಆದರೆ ವಿಜಯಪುರ ಸೀಮೆಯ ಮಕ್ಕಳ ಕಿವಿಗೆ ಕನ್ನಡ, ಮರಾಠಿ, ಉರ್ದು ಮೂರೂ ಚಿಕ್ಕಂದಿನಿಂದಲೇ ಬೀಳುತ್ತವೆ. ಮಹೀಪತಿದಾಸರು ಹಾಡು ಕಟ್ಟಿದ್ದು ಈ ನೆಲದ ಇಂಥ ಮಾತುಗಳಲ್ಲೇ. ಟೇಲರ್ ವರ್ಷಗಟ್ಟಲೆ ಶ್ರಮಪಟ್ಟು ಗಳಿಸಿದ ಆ ಬಂಡವಾಳ ಕಾಖಂಡಕಿಯ ಹುಡುಗ ಹುಡುಗಿಯರಿಗೆ ಓಣಿಯಲ್ಲೇ ಸಿಗುತ್ತದೆ.